ಮೆದುಳಿನ ಲಿಂಫೋಮಾ: ಅಮ್ಮನ ಜೀನ್ ರಿಪೋರ್ಟ್‌ನಲ್ಲಿ ‘ಟಿಟಿ’ ಬಂದಿದೆ, ಮೆಥೊಟ್ರೆಕ್ಸೇಟ್ ಮುಂದುವರಿಸಬಹುದೇ?

ಹೇಮಾವತಿ ತೀರ:
ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ 61 ವರ್ಷ. ಮಾತು ತಡವರಿಸುವುದು, ಗುರುತಿದ್ದವರ ಹೆಸರು ಮರೆಯುವುದು ಶುರುವಾದಾಗ ಪಾರ್ಶ್ವವಾಯು ಇರಬೇಕು ಅಂದುಕೊಂಡೆವು. ಎಂಆರ್‌ಐ, ಆಮೇಲೆ ಬಯಾಪ್ಸಿ ಆಗಿ ಪ್ರೈಮರಿ ಸಿಎನ್‌ಎಸ್ ಲಿಂಫೋಮಾ, ಅಂದರೆ ಮೆದುಳಿನಲ್ಲೇ ಶುರುವಾಗುವ ಬಿಳಿ ರಕ್ತಕೋಶಗಳ ಕ್ಯಾನ್ಸರ್, ಎಂದು ಬಂತು. ಮೆದುಳು ಬಿಟ್ಟು ಬೇರೆಲ್ಲೂ ಇಲ್ಲ. ರಿಟುಕ್ಸಿಮ್ಯಾಬ್, ಹೈ ಡೋಸ್ ಮೆಥೊಟ್ರೆಕ್ಸೇಟ್, ಸೈಟರಾಬಿನ್ ಕೊಡುತ್ತಿದ್ದಾರೆ. ಎರಡು ಸೈಕಲ್ ಮುಗಿದಿವೆ, ಗಡ್ಡೆ ಅರ್ಧಕ್ಕಿಂತ ಹೆಚ್ಚು ಕರಗಿದೆ. ಆದರೆ ಎರಡನೇ ಸಲ ರಕ್ತದಲ್ಲಿ ಮೆಥೊಟ್ರೆಕ್ಸೇಟ್ ಮಟ್ಟ ಬೇಗ ಇಳಿಯಲೇ ಇಲ್ಲ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 0.8 ಇದ್ದದ್ದು 1.3ಕ್ಕೆ ಹೋಯಿತು, ಬಾಯಿ ತುಂಬ ಹುಣ್ಣು.

ಈ ನಡುವೆ ನನ್ನ ಚಿಕ್ಕಪ್ಪನ ಮಗ ಅಮ್ಮನ ಎಂಜಲು ಕಳಿಸಿ ಒಂದು ಜೀನ್ ಟೆಸ್ಟ್ ಮಾಡಿಸಿದ್ದಾನೆ. ಅದರಲ್ಲಿ ಎರಡು ಸಾಲು ಕೆಂಪು ಬಣ್ಣದಲ್ಲಿವೆ. ಎಂಟಿಎಚ್‌ಎಫ್‌ಆರ್ 677: ಟಿಟಿ. ಎಸ್‌ಎಲ್‌ಸಿಒ1ಬಿ1 521: ಟಿಸಿ. ಪಕ್ಕದಲ್ಲಿ ‘ಮೆಥೊಟ್ರೆಕ್ಸೇಟ್ ವಿಷಪರಿಣಾಮದ ಸಾಧ್ಯತೆ ಹೆಚ್ಚು’ ಎಂದು ಬರೆದಿದೆ. ಆ ಕಂಪನಿಯ ಆಹಾರ ಸಲಹೆಗಾರ್ತಿ ಫೋನಿನಲ್ಲಿ ಮಾತಾಡಿ, ದಿನಾ ಮೀಥೈಲ್‌ಫೋಲೇಟ್ ಎಂಬ ವಿಟಮಿನ್ ಮಾತ್ರೆ ಕೊಡಿ ಅಂದರು. ಮನೆಯಲ್ಲಿ ಈಗ ಎರಡು ಪಕ್ಷ. ಕೀಮೋನೇ ನಿಲ್ಲಿಸೋಣ ಅನ್ನುವವರು ಒಂದು ಕಡೆ, ಮಾತ್ರೆ ಕೊಟ್ಟು ಮುಂದುವರಿಸೋಣ ಅನ್ನುವವರು ಇನ್ನೊಂದು ಕಡೆ. ಮೂರನೇ ಸೈಕಲ್ ಹತ್ತಿರ ಬರುತ್ತಿದೆ. ತಿಳಿದವರು ದಯವಿಟ್ಟು ಹೇಳಿ.

ಡೇಕೇರ್ ಸಿಸ್ಟರ್:
ಅಕ್ಕ, ಮೊದಲು ಒಂದು ಮಾತು: ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ತೋರಿಸದೆ ಆ ಮಾತ್ರೆ ಒಂದನ್ನೂ ಕೊಡಬೇಡಿ. ಯಾಕೆ ಅನ್ನುವುದನ್ನು ಓದಿಕೊಂಡವರು ಇಲ್ಲಿ ಬಿಡಿಸಿ ಹೇಳುತ್ತಾರೆ. ನಾನು ಕೇಳುವುದು ಬೇರೆ. ಎರಡನೇ ಸೈಕಲ್ ಹೊತ್ತಿಗೆ ಅಮ್ಮ ಬೇರೆ ಏನೇನು ಮಾತ್ರೆ ತಗೊಳ್ತಿದ್ದರು? ಮನೆಯಲ್ಲಿ ಮಾತ್ರೆ ಡಬ್ಬಿ ಇರುತ್ತದಲ್ಲ, ಅದನ್ನು ತೆರೆದು ಒಂದೊಂದೇ ಹೆಸರು ಬರೆಯಿರಿ. ಗ್ಯಾಸ್ಟ್ರಿಕ್ ಮಾತ್ರೆ, ನೋವಿನ ಮಾತ್ರೆ, ಊರಿನ ಪಂಡಿತರು ಕೊಟ್ಟ ಕಷಾಯ, ಏನನ್ನೂ ಬಿಡಬೇಡಿ.

ರೈನ್ ದಂಡೆ:
ನಾನು ಜರ್ಮನಿಯಲ್ಲಿ ಲಿಂಫೋಮಾ ಜೀವಕೋಶಗಳ ಮೇಲೆ ಸಂಶೋಧನೆ ಮಾಡುತ್ತೇನೆ. ವೈದ್ಯನಲ್ಲ. ಇದು ವಿಜ್ಞಾನದ ವಿವರಣೆ ಅಷ್ಟೇ, ಚಿಕಿತ್ಸೆಯ ತೀರ್ಮಾನ ನಿಮ್ಮ ಡಾಕ್ಟರದ್ದು.

ಈ ಕ್ಯಾನ್ಸರ್‌ನ ಚಿಕಿತ್ಸೆ ಮೆಥೊಟ್ರೆಕ್ಸೇಟ್ ಮೇಲೆಯೇ ನಿಂತಿದೆ. ಹೆಚ್ಚಿನ ಕೀಮೋ ಔಷಧಿಗಳು ರಕ್ತದಿಂದ ಮೆದುಳಿಗೆ ಸರಿಯಾಗಿ ದಾಟುವುದಿಲ್ಲ. ಮೆಥೊಟ್ರೆಕ್ಸೇಟ್ ಕೂಡ ಸಣ್ಣ ಪ್ರಮಾಣದಲ್ಲಿ ದಾಟದು, ಅದಕ್ಕೇ ದೇಹದ ಮೇಲ್ಮೈ ಲೆಕ್ಕದಲ್ಲಿ ಚದರ ಮೀಟರಿಗೆ 3 ಗ್ರಾಂ ಅಥವಾ ಅದಕ್ಕೂ ಹೆಚ್ಚು ಕೊಡುತ್ತಾರೆ. ಸಂಧಿವಾತಕ್ಕೆ ಇದೇ ಔಷಧಿಯನ್ನು ವಾರಕ್ಕೆ ಹತ್ತು ಹದಿನೈದು ಮಿಲಿಗ್ರಾಂ ಕೊಡುವುದನ್ನು ನೋಡಿದವರಿಗೆ ಈ ಪ್ರಮಾಣದ ಅಗಾಧತೆ ತಿಳಿಯುತ್ತದೆ. ಪ್ರತಿವಿಷ ಇಲ್ಲದೆ ಇಷ್ಟು ಕೊಟ್ಟರೆ ಮನುಷ್ಯ ಬದುಕುವುದು ಕಷ್ಟ. ಆದ್ದರಿಂದ ಔಷಧಿ ಶುರುವಾಗಿ ಸುಮಾರು 24 ಗಂಟೆಗೆ ಲ್ಯೂಕೊವೊರಿನ್ ಆರಂಭಿಸುತ್ತಾರೆ.

ಒಳಗೆ ನಡೆಯುವುದನ್ನು ಕೆರೆಯ ಕಾಲುವೆಯ ಹಾಗೆ ಊಹಿಸಿಕೊಳ್ಳಿ. ಆಹಾರದಲ್ಲಿರುವ ಫೋಲೇಟ್ ಎಂಬ ಬಿ ವಿಟಮಿನ್ ಕೆರೆಯ ನೀರು. ಡಿಎಚ್‌ಎಫ್‌ಆರ್ ಎಂಬ ಕಿಣ್ವ ಅದರ ಮೊದಲ ತೂಬು. ಮೆಥೊಟ್ರೆಕ್ಸೇಟ್ ಹೋಗಿ ಆ ತೂಬನ್ನೇ ಮುಚ್ಚುತ್ತದೆ, ಡಿಎನ್‌ಎ ಕಟ್ಟಲು ಬೇಕಾದ ಫೋಲೇಟ್ ಸಿಗದೆ ವೇಗವಾಗಿ ಒಡೆಯುವ ಕೋಶಗಳು ಸಾಯುತ್ತವೆ. ಲ್ಯೂಕೊವೊರಿನ್ ತೂಬಿನ ಕೆಳಗಿನಿಂದ ಕಾಲುವೆಗೆ ಬಿಡುವ ನೀರು. ಅದಕ್ಕೇ ತೂಬಿನ ಮೇಲೆ ಸೇರುವ ಫೋಲಿಕ್ ಆ್ಯಸಿಡ್‌ನಿಂದ ಆಗದ ರಕ್ಷಣೆ ಅದರಿಂದ ಆಗುತ್ತದೆ. ಇನ್ನು ಎಂಟಿಎಚ್‌ಎಫ್‌ಆರ್ ಇನ್ನೂ ಕೆಳಗಿನ ಒಂದು ಕವಲಿನಲ್ಲಿರುವ ಕಿಣ್ವ. ಮೆದುಳಿಗೆ ಹೋಗುವ ಮೀಥೈಲ್‌ಫೋಲೇಟನ್ನು ತಯಾರಿಸುವುದು ಅದು. ಹೋಮೋಸಿಸ್ಟೀನ್ ಎಂಬ ಪದಾರ್ಥವನ್ನು ಮತ್ತೆ ಮೆಥಿಯೊನೀನ್ ಎಂಬ ಅಮೈನೊ ಆಮ್ಲ ಮಾಡಲು ಈ ಮೀಥೈಲ್‌ಫೋಲೇಟ್ ಬೇಕು, ಜೊತೆಗೆ ಬಿ12 ಬೇಕು.

ಎಂಟಿಎಚ್‌ಎಫ್‌ಆರ್ ಜೀನಿನ 677ನೇ ಸ್ಥಾನದಲ್ಲಿ ಸಿ ಎಂಬ ಡಿಎನ್‌ಎ ಅಕ್ಷರದ ಬದಲು ಟಿ ಇದ್ದರೆ ಆ ಕಿಣ್ವ ಶಾಖಕ್ಕೆ ಬೇಗ ಸೋಲುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಟಿ ಬಂದವರಲ್ಲಿ, ಅಂದರೆ ಟಿಟಿ ಇರುವವರಲ್ಲಿ, ಕಿಣ್ವದ ಕೆಲಸ ಸಾಮಾನ್ಯದ ಸುಮಾರು 30 ಪ್ರತಿಶತಕ್ಕೆ ಇಳಿಯುತ್ತದೆ. ಒಂದೇ ಟಿ ಇದ್ದವರಲ್ಲಿ ಸುಮಾರು 65 ಪ್ರತಿಶತ. ಇದು ಕಾಯಿಲೆ ಅಲ್ಲ. ಜಗತ್ತಿನಲ್ಲಿ ಕೋಟ್ಯಂತರ ಜನ ಟಿಟಿ ಇಟ್ಟುಕೊಂಡೇ ಆರೋಗ್ಯವಾಗಿ ಬಾಳುತ್ತಿದ್ದಾರೆ. ಮೆಥೊಟ್ರೆಕ್ಸೇಟ್ ಬಂದು ಮೇಲಿನಿಂದ ಒತ್ತಿದಾಗ ಮಾತ್ರ ಈ ದೌರ್ಬಲ್ಯ ಲೆಕ್ಕಕ್ಕೆ ಬರಬಹುದು ಎನ್ನುವುದು ಸಂಶೋಧಕರ ತರ್ಕ.

ಹೇಮಾವತಿ ತೀರ:
ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಹಾಗಾದರೆ ಟಿಟಿ ಇರುವವರಿಗೆ ಮೆದುಳಿಗೆ ಏನಾಗುತ್ತದೆ? ಅಮ್ಮನ ಮಾತು ಈಗ ತಾನೇ ಮರಳಿ ಬರುತ್ತಿದೆ. ಅದೇ ನನ್ನ ದೊಡ್ಡ ಭಯ.

ಸಿಸ್ಟರ್, ಡಬ್ಬಿ ನೋಡಿದೆ. ಪ್ಯಾಂಟೊಪ್ರಜೋಲ್ ದಿನಾ ಬೆಳಿಗ್ಗೆ. ಮಂಡಿ ನೋವಿಗೆ ಅಸಿಕ್ಲೊಫೆನಾಕ್, ಬೇಕಾದಾಗ. ಬಿಪಿ ಮಾತ್ರೆ. ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್.

ಡೇಕೇರ್ ಸಿಸ್ಟರ್:
ಅಕ್ಕ, ಮೊದಲಿನ ಎರಡು ಹೆಸರನ್ನು ಇವತ್ತೇ ಡಾಕ್ಟರಿಗೆ ತಿಳಿಸಿ. ನಮ್ಮ ವಾರ್ಡಿನಲ್ಲಿ ಹೈ ಡೋಸ್ ಮೆಥೊಟ್ರೆಕ್ಸೇಟ್ ಹಾಕುವ ಮುಂಚೆ ನಾವು ನೋಡುವುದೇ ಅದು. ನೋವಿನ ಮಾತ್ರೆಗಳಾದ ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್, ಗ್ಯಾಸ್ಟ್ರಿಕ್ ಮಾತ್ರೆಗಳಾದ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ಸೋಂಕಿಗೆ ಕೊಡುವ ಕೋಟ್ರೈಮಾಕ್ಸಜೋಲ್, ಪೆನಿಸಿಲಿನ್ ಜಾತಿಯವು. ಇವೆಲ್ಲ ಮೆಥೊಟ್ರೆಕ್ಸೇಟ್ ಮೈಯಿಂದ ಹೊರಹೋಗುವುದನ್ನು ತಡೆಯಬಲ್ಲವು. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ನಡೆಯುತ್ತಿದ್ದರೆ ಹೊಟ್ಟೆಗೆ ರಕ್ಷಣೆ ಬೇಕೇ ಬೇಕು. ಬದಲಿ ಏನು ಕೊಡಬೇಕು, ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅನ್ನುವುದನ್ನು ಅವರು ಹೇಳುತ್ತಾರೆ.

ಕ್ಲಿನಿಕಲ್ ಫಾರ್ಮಾ:
ಸಿಸ್ಟರ್ ಕೇಳಿದ ಪ್ರಶ್ನೆಗೆ ಆ ಜೀನ್ ರಿಪೋರ್ಟಿನ ಅಷ್ಟೂ ಪುಟಗಳಿಗಿಂತ ಹೆಚ್ಚು ಬೆಲೆ ಇದೆ. ನಾನು ಔಷಧಶಾಸ್ತ್ರ ಕಲಿಸುವವಳು, ಆ ದೃಷ್ಟಿಯಿಂದ ಬರೆಯುತ್ತೇನೆ.

ಮೆಥೊಟ್ರೆಕ್ಸೇಟ್ ಬಹುಪಾಲು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಮೂತ್ರ ಆಮ್ಲೀಯವಾಗಿದ್ದರೆ ಅದು ಕರಗಿ ಉಳಿಯದೆ ಮೂತ್ರಪಿಂಡದ ನಾಳಗಳಲ್ಲಿ ಹರಳುಗಟ್ಟುತ್ತದೆ. ಅದಕ್ಕೇ ಸೋಡಿಯಂ ಬೈಕಾರ್ಬನೇಟ್ ಹಾಕಿ ಮೂತ್ರದ ಪಿಎಚ್ 7ರ ಮೇಲೆ ಇಡುತ್ತಾರೆ, ಬಾಟಲಿ ಮೇಲೆ ಬಾಟಲಿ ಡ್ರಿಪ್ ಏರಿಸುತ್ತಾರೆ. 24, 48, 72 ಗಂಟೆಗೆ ರಕ್ತದ ಮಟ್ಟ ನೋಡಿ, ಅದು ಲೀಟರಿಗೆ 0.1 ಮೈಕ್ರೊಮೋಲ್‌ಗಿಂತ ಕೆಳಗೆ ಇಳಿಯುವ ತನಕ ಲ್ಯೂಕೊವೊರಿನ್ ಬಿಡುವುದಿಲ್ಲ. ಮಟ್ಟ ಇಳಿಯದಿದ್ದರೆ ಲ್ಯೂಕೊವೊರಿನ್ ಪ್ರಮಾಣ ಏರಿಸುತ್ತಾರೆ. ಮೂತ್ರಪಿಂಡ ಪೂರ್ತಿ ಕೈಕೊಟ್ಟಾಗ ರಕ್ತದಲ್ಲಿರುವ ಮೆಥೊಟ್ರೆಕ್ಸೇಟನ್ನೇ ಕತ್ತರಿಸುವ ಗ್ಲುಕಾರ್ಪಿಡೇಸ್ ಎಂಬ ಕಿಣ್ವ ಇದೆ, ಅಮೆರಿಕದ ಎಫ್‌ಡಿಎ 2012ರಲ್ಲಿ ಒಪ್ಪಿಗೆ ಕೊಟ್ಟದ್ದು. ಬಹಳ ದುಬಾರಿ.

ನಿಮ್ಮ ಎರಡನೇ ಕೆಂಪು ಸಾಲು ಇಲ್ಲಿಗೆ ಸಂಬಂಧಪಟ್ಟದ್ದು. ಎಸ್‌ಎಲ್‌ಸಿಒ1ಬಿ1 ಜೀನ್ ಯಕೃತ್ತಿನ ಕೋಶಗಳ ಬಾಗಿಲಲ್ಲಿರುವ ಒಂದು ಸಾಗಣೆ ಪ್ರೋಟೀನನ್ನು ಮಾಡುತ್ತದೆ. ಮೆಥೊಟ್ರೆಕ್ಸೇಟನ್ನು ರಕ್ತದಿಂದ ಒಳಕ್ಕೆ ಎಳೆದುಕೊಳ್ಳುವುದು ಅದರ ಕೆಲಸಗಳಲ್ಲೊಂದು. 521ನೇ ಸ್ಥಾನದಲ್ಲಿ ಸಿ ಇದ್ದರೆ ಆ ಕೆಲಸ ನಿಧಾನ. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ಸಂಶೋಧಕರು ರಕ್ತಕ್ಯಾನ್ಸರ್ ಇದ್ದ ಮಕ್ಕಳ ಇಡೀ ಜೀನೋಮ್ ಜಾಲಾಡಿ, ಮೆಥೊಟ್ರೆಕ್ಸೇಟ್ ಹೊರಹೋಗುವ ವೇಗಕ್ಕೂ ಈ ಜೀನಿಗೂ ನಂಟಿದೆ ಎಂದು 2009ರಲ್ಲಿ ಪ್ರಕಟಿಸಿದರು. ಆಮೇಲೆ ಬೇರೆ ಗುಂಪುಗಳಲ್ಲೂ ಅದು ಮತ್ತೆ ಕಂಡಿದೆ. ಹಾಗಾಗಿ ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಒಬ್ಬರಿಂದ ಒಬ್ಬರಿಗೆ ಔಷಧಿ ಹೊರಹೋಗುವ ವೇಗದಲ್ಲಿ ಕಾಣುವ ವ್ಯತ್ಯಾಸದಲ್ಲಿ ಈ ಜೀನಿನ ಪಾಲು ಸಣ್ಣದು. ಮೂತ್ರಪಿಂಡದ ಶಕ್ತಿ, ವಯಸ್ಸು, ಮೈಯಲ್ಲಿ ನೀರು ತುಂಬಿರುವುದು, ಜೊತೆಗೆ ತೆಗೆದುಕೊಂಡ ಮಾತ್ರೆ, ಇವುಗಳದ್ದು ದೊಡ್ಡ ಪಾಲು. ಅದೂ ಅಲ್ಲದೆ ಜೀನ್ ಹೇಳುವುದು ಊಹೆ. 48 ಗಂಟೆಯ ರಕ್ತದ ಮಟ್ಟ ಹೇಳುವುದು ನಿಮ್ಮ ಅಮ್ಮನ ಮೈಯಲ್ಲಿ ಅವತ್ತು ನಿಜವಾಗಿ ನಡೆದದ್ದು. ನಿಜವೇ ಕೈಯಲ್ಲಿರುವಾಗ ಊಹೆಯ ಹಿಂದೆ ಯಾಕೆ ಹೋಗಬೇಕು?

ಇದೇ ಜೀನಿನ ಇದೇ ವ್ಯತ್ಯಾಸ ಸ್ಟಾಟಿನ್ ಮಾತ್ರೆಗಳಿಂದ ಬರುವ ಸ್ನಾಯು ನೋವಿನ ಅಪಾಯವನ್ನೂ ಹೆಚ್ಚಿಸುತ್ತದೆ, 2008ರಲ್ಲಿ ಸಿಮ್ವಾಸ್ಟಾಟಿನ್ ವಿಷಯದಲ್ಲಿ ಗೊತ್ತಾದದ್ದು. ಅಮ್ಮ ಅಟೊರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಿರುವುದರಿಂದ ತೊಡೆ, ಭುಜ ನೋಯುತ್ತಿದ್ದರೆ ಡಾಕ್ಟರಿಗೆ ಹೇಳಿ. ರಿಪೋರ್ಟಿನಿಂದ ಸದ್ಯಕ್ಕೆ ಆಗುವ ಒಂದು ಉಪಯೋಗ ಇದು.

ಲೆಕ್ಕದ ಮೇಷ್ಟ್ರು:
ನಾನು ಸಂಖ್ಯಾಶಾಸ್ತ್ರದವನು, ನನ್ನ ತಮ್ಮನಿಗೆ ಲಿಂಫೋಮಾ ಆದಾಗಿಂದ ಇಂಥ ಸಂಶೋಧನಾ ಲೇಖನಗಳನ್ನು ಓದುತ್ತಾ ಬಂದಿದ್ದೇನೆ. ‘ರೈನ್ ದಂಡೆ’ಯವರೇ, ನೀವು ಜರ್ಮನಿಯಲ್ಲೇ ಇದ್ದೀರಿ. 2009ರಲ್ಲಿ ನ್ಯೂರೊ ಆಂಕಾಲಜಿ ಪತ್ರಿಕೆಯಲ್ಲಿ ಬಂದ ಅಲ್ಲಿನ ಅಧ್ಯಯನದ ಬಗ್ಗೆ ಹೇಳುತ್ತೀರಾ? ಈ ಕಾಯಿಲೆಯಲ್ಲೇ ನೇರವಾಗಿ ಈ ಜೀನುಗಳನ್ನು ನೋಡಿದ್ದು ಅದು.

ರೈನ್ ದಂಡೆ:
ಹೌದು ಮೇಷ್ಟ್ರೇ, ಅಕ್ಕ ಕೇಳಿದ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ.

ಮೆದುಳಿನ ಲಿಂಫೋಮಾಗೆ ಮೆಥೊಟ್ರೆಕ್ಸೇಟ್ ಪಡೆದ 68 ರೋಗಿಗಳು. ಚಿಕಿತ್ಸೆಯ ನಂತರ ಎಂಆರ್‌ಐನಲ್ಲಿ ಮೆದುಳಿನ ಬಿಳಿ ಭಾಗದಲ್ಲಿ ಹಾನಿ ಯಾರಲ್ಲಿ ಕಂಡಿತು, ಯಾರಲ್ಲಿ ಕಾಣಲಿಲ್ಲ ಎಂದು ನೋಡಿದರು. ಮೆಥಿಯೊನೀನ್ ದಾರಿಗೆ ಸೇರಿದ ಹಲವು ಜೀನುಗಳ ಪೈಕಿ ಮೂರು ವಿಷಯ ಎದ್ದು ಕಂಡವು. ಎಂಟಿಎಚ್‌ಎಫ್‌ಆರ್ 677ರಲ್ಲಿ ಟಿಟಿ, ಅದೇ ಜೀನಿನ 1298ರಲ್ಲಿ ಎಎ, ಮತ್ತು ಬಿ12 ಅನ್ನು ಕೋಶಗಳಿಗೆ ತಲುಪಿಸುವ ಟ್ರಾನ್ಸ್‌ಕೋಬಾಲಮಿನ್ ಜೀನಿನ 776ರಲ್ಲಿ ಜಿಜಿ. ಬಿಳಿ ಭಾಗ ಅಂದರೆ ನರತಂತುಗಳ ಮೇಲೆ ಮಯಲಿನ್ ಹೊದಿಕೆ ಇರುವ ಭಾಗ. ಆ ಹೊದಿಕೆಯನ್ನು ಚೆನ್ನಾಗಿಟ್ಟುಕೊಳ್ಳಲು ಮೆಥಿಯೊನೀನ್‌ನಿಂದ ಬರುವ ಮೀಥೈಲ್ ಗುಂಪುಗಳು ಬೇಕು. ಮೆಥೊಟ್ರೆಕ್ಸೇಟ್ ಬಿದ್ದಾಗ ಹೋಮೋಸಿಸ್ಟೀನ್ ಏರುತ್ತದೆ, ಮೀಥೈಲ್ ಗುಂಪುಗಳು ಕಡಿಮೆಯಾಗುತ್ತವೆ. ಕಿಣ್ವ ಮೊದಲೇ ದುರ್ಬಲವಿದ್ದವರಲ್ಲಿ ಹೊದಿಕೆಗೆ ಪೆಟ್ಟು ಹೆಚ್ಚು ಎನ್ನುವುದು ಅವರ ವಿವರಣೆ. ನನಗೆ ಇದು ಜೀವವಿಜ್ಞಾನದ ದೃಷ್ಟಿಯಿಂದ ಒಪ್ಪುವಂಥದ್ದೇ ಅನಿಸುತ್ತದೆ.

ಆದರೆ ಗಮನಿಸಿ, ಅವರು ಅಲ್ಲಿ ಅಳೆದದ್ದು ಮೆದುಳಿನ ಹಾನಿಯನ್ನು. ಟಿಟಿ ಇರುವವರಿಗೆ ಮೆಥೊಟ್ರೆಕ್ಸೇಟ್ ಕೆಲಸ ಮಾಡುವುದಿಲ್ಲ ಎಂದು ಆ ಅಧ್ಯಯನ ಹೇಳುವುದಿಲ್ಲ.

ಲೆಕ್ಕದ ಮೇಷ್ಟ್ರು:
ಸರಿ. ಈಗ ಲೆಕ್ಕ ನೋಡೋಣ. ಯುರೋಪಿನ ಜನರಲ್ಲಿ 677ರ ಟಿ ಅಕ್ಷರ ಸುಮಾರು ಮೂರರಲ್ಲಿ ಒಂದು. ಟಿಟಿ ಆಗಲು ಎರಡೂ ಕಡೆಯಿಂದ ಬರಬೇಕು, ಮೂರನೇ ಒಂದನ್ನು ಮೂರನೇ ಒಂದರಿಂದ ಗುಣಿಸಿದರೆ ಒಂಬತ್ತರಲ್ಲಿ ಒಬ್ಬರು. 68 ಜನರಲ್ಲಿ ಏಳೆಂಟು ಮಂದಿ ಟಿಟಿ ಇರಬಹುದು ಎಂದು ನಿರೀಕ್ಷಿಸಬೇಕು. ಅಂದರೆ ಇಂಥ ಗಾತ್ರದ ಅಧ್ಯಯನದಲ್ಲಿ ಟಿಟಿ ಬಗ್ಗೆ ಏನೇ ಹೇಳಿದರೂ ಅದು ಬೆರಳೆಣಿಕೆಯ ಜನರ ಮೇಲೆ ನಿಂತಿರುತ್ತದೆ. ಇಬ್ಬರಲ್ಲಿ ಫಲಿತಾಂಶ ಬೇರೆಯಾಗಿದ್ದರೂ ತೀರ್ಮಾನ ಅಲುಗಾಡುತ್ತದೆ. ಅದರ ಮೇಲೆ ಒಂದೇ ಸಲ ಹತ್ತಾರು ಜೀನ್ ಸ್ಥಾನಗಳನ್ನು ಪರೀಕ್ಷಿಸಿದರೆ ಒಂದೆರಡು ಆಕಸ್ಮಿಕವಾಗಿಯೇ ‘ಮಹತ್ವದ್ದು’ ಎಂದು ಎದ್ದು ಬರುತ್ತವೆ. ಸಂಶೋಧಕರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಈ ಕಾಯಿಲೆಯೇ ಅಪರೂಪ, ಮೆದುಳಿನಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಇದರ ಪಾಲು ನೂರಕ್ಕೆ ನಾಲ್ಕರ ಒಳಗೆ. ಜನ ಸಿಗುವುದೇ ಕಷ್ಟ. ಆದರೆ ಅಂಥ ಒಂದು ಸುಳಿವನ್ನು ಹಿಡಿದು ಕಂಪನಿಯೊಂದು ರೋಗಿಯ ಮನೆಗೆ ಕೆಂಪು ಅಕ್ಷರದ ಕಾಗದ ಕಳಿಸುವುದು ನನಗೆ ಸಿಟ್ಟು ತರಿಸುತ್ತದೆ.

ಇನ್ನೊಂದು ವಿಷಯ. ನಮ್ಮಲ್ಲಿ 677ರ ಟಿ ಅಷ್ಟು ಸಾಮಾನ್ಯವಲ್ಲ. ದಕ್ಷಿಣ ಏಷ್ಯಾದ ದತ್ತಾಂಶದಲ್ಲಿ ಸರಿಸುಮಾರು ಏಳೆಂಟರಲ್ಲಿ ಒಂದು. ಹಾಗಾಗಿ ಟಿಟಿ ಇರುವವರು ನೂರಕ್ಕೆ ಇಬ್ಬರ ಆಸುಪಾಸು. ಬದಲಿಗೆ 1298ರ ಸಿ ನಮ್ಮಲ್ಲಿ ಯುರೋಪಿಗಿಂತ ಹೆಚ್ಚು. ಅಲ್ಲಿಯ 68 ಜನರ ಫಲಿತಾಂಶವನ್ನು ಹಾಗೇ ಎತ್ತಿಕೊಂಡು ಹಾಸನದ ಒಬ್ಬ ತಾಯಿಗೆ ಅಂಟಿಸುವುದು ಹೇಗೆ?

ರೈನ್ ದಂಡೆ:
ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. 677ರ ಟಿ ಮತ್ತು 1298ರ ಸಿ ಸಾಮಾನ್ಯವಾಗಿ ಒಂದೇ ಕ್ರೋಮೋಸೋಮಿನ ಮೇಲೆ ಜೊತೆಯಾಗಿ ಬರುವುದಿಲ್ಲ. ಟಿ ಇರುವ ಕಡೆ 1298ರಲ್ಲಿ ಎ ಇರುತ್ತದೆ. ಆದ್ದರಿಂದ 677ರಲ್ಲಿ ಟಿಟಿ ಇದ್ದವರು ಹೆಚ್ಚುಕಡಿಮೆ ಎಲ್ಲರೂ 1298ರಲ್ಲಿ ಎಎ ಆಗಿರುತ್ತಾರೆ. ರಿಪೋರ್ಟಿನಲ್ಲಿ ಇವೆರಡನ್ನೂ ಬೇರೆ ಬೇರೆ ಅಪಾಯ ಎಂದು ಎಣಿಸಿ ಹೆದರಿಸಿದರೆ ಅದು ಒಂದನ್ನೇ ಎರಡು ಸಲ ಲೆಕ್ಕ ಹಾಕಿದ ಹಾಗೆ.

ಸಾಧನಕೇರಿ:
ನಮಸ್ಕಾರ್ರೀ ಎಲ್ಲಾರಿಗೂ. ನಮ್ಮ ಕಾಕಾಗ ಇದ ಬ್ಯಾನಿ ಆಗಿತ್ತು. ಅವರ ರಿಪೋರ್ಟ್‌ನ್ಯಾಗ ಎಂವೈಡಿ88 ಪಾಸಿಟಿವ್ ಅಂತ ಬರದಿದ್ರು. ಕೀಮೋ ಆಗಿ ಒಂದಿಷ್ಟು ದಿವಸ ಛಲೋ ಇದ್ರು, ಆಮ್ಯಾಲ ತಿರುಗಿ ಬಂತು. ಆವಾಗ ಇಬ್ರುಟಿನಿಬ್ ಗುಳಿಗಿ ಚಾಲೂ ಮಾಡಿದ್ರು, ಈಗ ಅದರ ಮ್ಯಾಲೇ ಅದಾರ. ಅದೂ ಜೀನ್ ಅಂತಾರ, ಇದೂ ಜೀನ್ ಅಂತಾರ. ಎರಡೂ ಒಂದೇನ್ರೀ? ಈ ಅಕ್ಕಾರ ಅವ್ವಗೂ ಆ ಎಂವೈಡಿ88 ನೋಡಸಬೇಕಿಲ್ಲೇನು?

ರೈನ್ ದಂಡೆ:
ಎರಡೂ ಬೇರೆ ಸರ್, ಮತ್ತು ಈ ಇಡೀ ಚರ್ಚೆಯಲ್ಲಿ ಎಲ್ಲರೂ ಬಿಡಿಸಿಕೊಳ್ಳಬೇಕಾದ ಗಂಟು ಇದು.

ಎಂಟಿಎಚ್‌ಎಫ್‌ಆರ್ ಟಿಟಿ ಹುಟ್ಟಿನಿಂದ ಬಂದದ್ದು. ಎಂಜಲು, ರಕ್ತ, ಚರ್ಮ, ಮೈಯ ಪ್ರತಿ ಕೋಶದಲ್ಲೂ ಇರುತ್ತದೆ. ಅದು ರೋಗಿಯ ದೇಹ ಔಷಧಿಯನ್ನು ಹೇಗೆ ತಾಳಿಕೊಳ್ಳುತ್ತದೆ ಎನ್ನುವುದರ ಬಗ್ಗೆ. ಎಂವೈಡಿ88 ಬದಲಾವಣೆ ಹುಟ್ಟಿನದ್ದಲ್ಲ. ಬಿ ಕೋಶ ಎಂಬ ಒಂದು ಬಿಳಿ ರಕ್ತಕೋಶದಲ್ಲಿ ಜೀವನದ ನಡುವೆ ಆಗಿ, ಆ ಕೋಶದ ಸಂತತಿಯಾದ ಗಡ್ಡೆಯಲ್ಲಿ ಮಾತ್ರ ಇರುತ್ತದೆ. ಅದು ಗಡ್ಡೆ ಯಾವ ಸ್ವಭಾವದ್ದು ಎನ್ನುವುದರ ಬಗ್ಗೆ. ಎಂಜಲು ಪರೀಕ್ಷೆಯಲ್ಲಿ ಅದು ಸಿಗುವುದೇ ಇಲ್ಲ, ಬಯಾಪ್ಸಿಯ ತುಣುಕಿನಲ್ಲಿ ನೋಡಬೇಕು. ಬೆನ್ನುಹುರಿಯ ನೀರಿನಲ್ಲೂ ಪತ್ತೆ ಮಾಡಬಹುದು.

ಮೆದುಳಿನ ಲಿಂಫೋಮಾ ಬಹುಪಾಲು ಡಿಫ್ಯೂಸ್ ಲಾರ್ಜ್ ಬಿ ಸೆಲ್ ಜಾತಿಯದು. ಇಲ್ಲಿ ಅರ್ಧಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ಎಂವೈಡಿ88 ಪ್ರೋಟೀನಿನ 265ನೇ ಜಾಗದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಕೂತಿರುತ್ತದೆ. ಸಿಡಿ79ಬಿ ಎಂಬ ಇನ್ನೊಂದರ ಬದಲಾವಣೆಯೂ ಸಾಮಾನ್ಯ. ಎರಡೂ ಸೇರಿ ಕೋಶಕ್ಕೆ ‘ಬೆಳೆ, ಸಾಯಬೇಡ’ ಎಂಬ ಸಂದೇಶವನ್ನು ನಿಲ್ಲಿಸದೆ ಕೊಡುತ್ತಿರುತ್ತವೆ. ಆ ಸಂದೇಶದ ದಾರಿಯಲ್ಲಿ ಬಿಟಿಕೆ ಎಂಬ ಕಿಣ್ವ ಇದೆ. ಇಬ್ರುಟಿನಿಬ್ ತಡೆಯುವುದು ಅದನ್ನೇ. ಇದೇ ಜಾತಿಯ ಟಿರಾಬ್ರುಟಿನಿಬ್‌ಗೆ ಜಪಾನ್ 2020ರಲ್ಲಿ, ಮರುಕಳಿಸಿದ ಅಥವಾ ಬಗ್ಗದ ಮೆದುಳಿನ ಲಿಂಫೋಮಾಗೆಂದೇ ಒಪ್ಪಿಗೆ ಕೊಟ್ಟಿತು. ಗಡ್ಡೆಯ ಜೀನ್ ನೋಡಿ ಹುಟ್ಟಿದ ಚಿಕಿತ್ಸೆ ಇದು, ನಿಮ್ಮ ಕಾಕಾ ಅವರ ವಿಷಯ ಕೇಳಿ ಬಹಳ ಸಂತೋಷವಾಯಿತು. ಜ್ವರ, ಕೆಮ್ಮು ಬಂದರೆ ತಡಮಾಡದೆ ತೋರಿಸಿ. ಇಬ್ರುಟಿನಿಬ್ ಜೊತೆ ಸ್ಟೀರಾಯ್ಡ್ ಸೇರಿದಾಗ ಆಸ್ಪರ್ಜಿಲಸ್ ಶಿಲೀಂಧ್ರದ ಸೋಂಕು ಅಪಾಯಕಾರಿಯಾಗಿ ಬರುವುದುಂಟು.

ಅಕ್ಕನ ತಾಯಿಗೆ ಮೆಥೊಟ್ರೆಕ್ಸೇಟ್ ಈಗ ಕೆಲಸ ಮಾಡುತ್ತಿದೆ. ಎಂವೈಡಿ88 ಇದ್ದರೂ ಇಲ್ಲದಿದ್ದರೂ ಇವತ್ತಿನ ಚಿಕಿತ್ಸೆ ಬದಲಾಗುವುದಿಲ್ಲ. ಆದರೆ ಬಯಾಪ್ಸಿಯ ತುಣುಕನ್ನು ಕಾಪಿಟ್ಟ ಮೇಣದ ಬ್ಲಾಕ್ ಎಲ್ಲಿದೆ ಎಂದು ಕೇಳಿ ಇಟ್ಟುಕೊಂಡಿರಿ. ಮುಂದೆ ಬೇಕಾದರೆ ಅದರಿಂದಲೇ ನೋಡಬಹುದು.

ಬೈಲುಸೀಮೆ:
ಸ್ವಲ್ಪ ಬೇರೆ ದನಿ ಎತ್ತುತ್ತೇನೆ, ಕ್ಷಮಿಸಿ. ನನ್ನ ಹೆಂಡತಿಗೆ ಈ ಔಷಧಿ ಹಾಕಿದ ಮೇಲೆ ನೆನಪಿನ ಶಕ್ತಿ ಹಿಂದಿನಂತೆ ಮರಳಲಿಲ್ಲ. ವಿಕಿರಣವೂ ಕೊಟ್ಟಿದ್ದರು. ಮೊದಲೇ ಇಂಥದ್ದೊಂದು ಟೆಸ್ಟ್ ಇದ್ದು, ಯಾರಾದರೂ ಎಚ್ಚರಿಸಿದ್ದರೆ ಎಂದು ದಿನಾ ಅನಿಸುತ್ತದೆ. ನೀವೆಲ್ಲ ಪುರಾವೆ ಸಾಲದು ಅನ್ನುತ್ತೀರಿ. ಅನುಭವಿಸಿದವರಿಗೆ ಸಣ್ಣ ಸುಳಿವೂ ದೊಡ್ಡದೇ.

ಕ್ಲಿನಿಕಲ್ ಫಾರ್ಮಾ:
ನಿಮ್ಮ ನೋವು ಅರ್ಥವಾಗುತ್ತದೆ ಸರ್. ನೆನಪು ಕುಂದುವುದು ಈ ಚಿಕಿತ್ಸೆಯ ನಿಜವಾದ ಬೆಲೆ, ಅದನ್ನು ಯಾರೂ ಹಗುರವಾಗಿ ನೋಡಬಾರದು. ಆದರೆ ಅದನ್ನು ಕಡಿಮೆ ಮಾಡಿದ್ದು ಏನು ಎಂದು ನೋಡಿ. ಮೆಥೊಟ್ರೆಕ್ಸೇಟ್ ಮೇಲೆ ಇಡೀ ಮೆದುಳಿಗೆ ವಿಕಿರಣ ಕೊಟ್ಟಾಗ ಬಿಳಿ ಭಾಗದ ಹಾನಿ ಹೆಚ್ಚು, ಅದರಲ್ಲೂ ಅರವತ್ತು ದಾಟಿದವರಲ್ಲಿ. ಜರ್ಮನಿಯ 551 ರೋಗಿಗಳ ದೊಡ್ಡ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ವಿಕಿರಣ ಸೇರಿಸಿದ್ದರಿಂದ ಒಟ್ಟು ಆಯುಷ್ಯ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ಅಲ್ಲಿಂದೀಚೆಗೆ ಮೊದಲ ಸುತ್ತಿನಲ್ಲಿ ವಿಕಿರಣವನ್ನು ತಪ್ಪಿಸುವ ಕಡೆ ವೈದ್ಯರು ಹೆಚ್ಚು ಹೆಚ್ಚು ಬಂದಿದ್ದಾರೆ. ಇದು ಎಲ್ಲ ರೋಗಿಗಳ ಮೆದುಳನ್ನು ಉಳಿಸಿದ ಬದಲಾವಣೆ, ಯಾರ ಜೀನ್ ಏನೇ ಇರಲಿ.

ಗುಣವಾಗುವ ವಿಷಯದಲ್ಲೂ ಹಾಗೆಯೇ. 2009ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಮೆಥೊಟ್ರೆಕ್ಸೇಟ್ ಒಂದನ್ನೇ ಕೊಟ್ಟಾಗ ಗಡ್ಡೆ ಪೂರ್ತಿ ಮಾಯವಾದದ್ದು 18 ಪ್ರತಿಶತ ಜನರಲ್ಲಿ, ಸೈಟರಾಬಿನ್ ಜೊತೆ ಕೊಟ್ಟಾಗ 46 ಪ್ರತಿಶತ. ಅದರ ಮುಂದಿನ ಪ್ರಯೋಗದಲ್ಲಿ ರಿಟುಕ್ಸಿಮ್ಯಾಬ್ ಮತ್ತು ಥಯೋಟೆಪಾ ಎರಡೂ ಸೇರಿದ ಗುಂಪಿನಲ್ಲಿ, ಎಪ್ಪತ್ತು ವರ್ಷದೊಳಗಿನವರಲ್ಲಿ, ಏಳು ವರ್ಷದ ನಂತರವೂ ಅರ್ಧಕ್ಕಿಂತ ಹೆಚ್ಚು ಜನ ಬದುಕಿದ್ದರು. ಒಂದು ಕಾಲದಲ್ಲಿ ತಿಂಗಳುಗಳಲ್ಲಿ ಎಣಿಸುತ್ತಿದ್ದ ಕಾಯಿಲೆ ಇದು. ಟಿಟಿ ನೋಡಿ ಹೆದರಿ ಮೆಥೊಟ್ರೆಕ್ಸೇಟ್ ಬಿಟ್ಟರೆ ಕಳೆದುಕೊಳ್ಳುವುದು ಇಷ್ಟನ್ನು.

ಜೀನ್ ಪರೀಕ್ಷೆಗಳ ವಿರೋಧಿ ನಾನಲ್ಲ. 5-ಫ್ಲೂರೊಯುರಾಸಿಲ್ ಎಂಬ ಕ್ಯಾನ್ಸರ್ ಔಷಧಿ ಕೊಡುವ ಮುಂಚೆ ಡಿಪಿವೈಡಿ ಜೀನ್ ನೋಡಿ, ಮರ್ಕ್ಯಾಪ್ಟೊಪ್ಯೂರಿನ್ ಎಂಬ ಇನ್ನೊಂದನ್ನು ಕೊಡುವ ಮುಂಚೆ ಟಿಪಿಎಂಟಿ ಮತ್ತು ಎನ್‌ಯುಡಿಟಿ15 ಜೀನ್ ನೋಡಿ ಎಂದು ನಾನೇ ಹೇಳುತ್ತೇನೆ. ಅಲ್ಲಿ ಯಾವ ಫಲಿತಾಂಶಕ್ಕೆ ಡೋಸ್ ಎಷ್ಟು ಇಳಿಸಬೇಕು ಎಂಬ ಸ್ಪಷ್ಟ ಮಾರ್ಗಸೂಚಿ ಇದೆ. ಎನ್‌ಯುಡಿಟಿ15 ಅಂತೂ ಏಷ್ಯಾದವರಿಗೆ ಬಹಳ ಮುಖ್ಯ. ಎಂಟಿಎಚ್‌ಎಫ್‌ಆರ್‌ಗೆ ಅಂಥ ಡೋಸಿನ ಪಟ್ಟಿಯೇ ಇಲ್ಲ.

ಇನ್ನು ಮೀಥೈಲ್‌ಫೋಲೇಟ್ ಮಾತ್ರೆ. ಅದು ಮೆಥೊಟ್ರೆಕ್ಸೇಟ್ ಬಳಸುವ ಬಾಗಿಲಿನಿಂದಲೇ ಕೋಶದೊಳಕ್ಕೆ ಹೋಗುತ್ತದೆ. ತಪ್ಪು ಹೊತ್ತಿನಲ್ಲಿ ಕೊಟ್ಟರೆ ಕರುಳನ್ನು, ಬಾಯಿಯನ್ನು ಕಾಪಾಡುವ ಜೊತೆಗೆ ಗಡ್ಡೆಯನ್ನೂ ಕಾಪಾಡಬಹುದು. ಲ್ಯೂಕೊವೊರಿನ್ ಅನ್ನು ಗಂಟೆ ನೋಡಿ ಕೊಡುವುದು ಅದಕ್ಕೇ. ಗಡ್ಡೆಗೆ ಪೆಟ್ಟು ಬಿದ್ದ ಮೇಲೆ, ಉಳಿದ ದೇಹಕ್ಕೆ ಪೆಟ್ಟು ಬೀಳುವ ಮುಂಚೆ. ಆ ಗಂಟೆಯ ಲೆಕ್ಕ ಗೊತ್ತಿಲ್ಲದವರು ಫೋನಿನಲ್ಲಿ ಇಂಥ ಸಲಹೆ ಕೊಡಲೇಬಾರದು.

ಬೈಲುಸೀಮೆ:
ವಿವರವಾಗಿ ಬರೆದದ್ದಕ್ಕೆ ಕೃತಜ್ಞ ಮೇಡಂ. ಟೆಸ್ಟ್ ಇದ್ದಿದ್ದರೂ ಆಗ ಔಷಧಿ ಬದಲಾಗುತ್ತಿರಲಿಲ್ಲ ಎಂದಾಯಿತು. ಒಂದು ಕೋರಿಕೆ: ನಮ್ಮವರ ಮೇಲೆಯೇ ಇಂಥ ಅಧ್ಯಯನ ಮಾಡಲು ಯಾರಾದರೂ ಮುಂದೆ ಬಂದರೆ ರಕ್ತ ಕೊಡಲು ನಾವು ಸಿದ್ಧ.

ಲೆಕ್ಕದ ಮೇಷ್ಟ್ರು:
ಅದಕ್ಕೆ ತಳಪಾಯ ಬಿದ್ದಿದೆ ಸರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ ಹತ್ತು ಸಾವಿರ ಜನರ ಪೂರ್ಣ ಜೀನೋಮ್ ಓದಿದ್ದಾರೆ. 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆದರು. ಯಾವ ಸಮುದಾಯದಲ್ಲಿ ಯಾವ ವ್ಯತ್ಯಾಸ ಎಷ್ಟಿದೆ ಎಂಬುದು ಅದರಿಂದ ತಿಳಿಯುತ್ತದೆ. ಆದರೆ ಅದು ಆರೋಗ್ಯವಂತರದ್ದು. ಅದರ ಪಕ್ಕದಲ್ಲಿ ಇಡಲು ನಿಮ್ಹಾನ್ಸ್, ಕಿದ್ವಾಯಿ, ಮಣಿಪಾಲದಂಥ ಕಡೆ ಚಿಕಿತ್ಸೆ ಪಡೆಯುವ ರೋಗಿಗಳ ಔಷಧಿ ಮಟ್ಟ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ ವರ್ಷಗಟ್ಟಲೆ ಒಟ್ಟುಗೂಡಬೇಕು. ಒಂದೇ ಆಸ್ಪತ್ರೆಯಿಂದ ಇದು ಆಗದು. ನೂರಕ್ಕೆ ಇಬ್ಬರಷ್ಟೇ ಟಿಟಿ ಇರುವ ನಾಡಿನಲ್ಲಿ ಟಿಟಿ ಬಗ್ಗೆ ಏನಾದರೂ ಖಚಿತವಾಗಿ ಹೇಳಬೇಕಾದರೆ ಸಾವಿರಾರು ರೋಗಿಗಳು ಬೇಕು.

ರೈನ್ ದಂಡೆ:
ಈ ಫೋಲೇಟ್ ಕಥೆಯಲ್ಲಿ ನಮ್ಮ ನೆಲ ಮೊದಲಿನಿಂದಲೂ ಇದೆ ಎನ್ನುವುದನ್ನು ಹೇಳದೆ ಇರಲಾರೆ. ಮುಂಬಯಿಯ ಬಟ್ಟೆ ಗಿರಣಿಗಳ ಬಸುರಿ ಹೆಂಗಸರ ರಕ್ತಹೀನತೆಯನ್ನು ಅಭ್ಯಸಿಸಿ, ಯೀಸ್ಟ್ ಸಾರದಿಂದ ಅದು ವಾಸಿಯಾಗುತ್ತದೆ ಎಂದು ಲೂಸಿ ವಿಲ್ಸ್ 1931ರಲ್ಲಿ ತೋರಿಸಿದರು. ಆ ಸಾರದಲ್ಲಿದ್ದದ್ದೇ ಫೋಲೇಟ್. ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಫೋಲಿಕ್ ಆ್ಯಸಿಡ್ ತಯಾರಿಸುವ ತಂಡವನ್ನು ಮುನ್ನಡೆಸಿದರು. ಅದರ ವಿರುದ್ಧ ಕೆಲಸ ಮಾಡುವ ಅಮಿನೊಪ್ಟೆರಿನ್ ಬಂದದ್ದೂ ಅಲ್ಲಿಂದ. 1948ರಲ್ಲಿ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರ್ ಇದ್ದ ಮಕ್ಕಳಿಗೆ ಕೊಟ್ಟದ್ದು ಅದನ್ನೇ. ಮೆಥೊಟ್ರೆಕ್ಸೇಟ್ ಅದರ ತಂಗಿ. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಇವತ್ತು ಅಕ್ಕನ ತಾಯಿಗೆ ಮಾತು ಮರಳಿ ಬರುತ್ತಿರುವುದರ ಹಿಂದೆ ಅವರ ದುಡಿಮೆ ಇದೆ.

ಹೇಮಾವತಿ ತೀರ:
ಡಾಕ್ಟರನ್ನು ಕಂಡು ಬಂದೆವು. ರಿಪೋರ್ಟನ್ನೂ ಮಾತ್ರೆಗಳ ಪಟ್ಟಿಯನ್ನೂ ಅವರ ಮುಂದಿಟ್ಟೆ. ಪಟ್ಟಿಯನ್ನು ಎರಡು ಸಲ ಓದಿದರು. ಅಸಿಕ್ಲೊಫೆನಾಕ್ ನಿಲ್ಲಿಸಿ ನೋವಿಗೆ ಪ್ಯಾರಾಸಿಟಮಾಲ್ ಹೇಳಿದ್ದಾರೆ, ಪ್ಯಾಂಟೊಪ್ರಜೋಲ್ ಬದಲು ಬೇರೆ ಕೊಟ್ಟಿದ್ದಾರೆ. ಕ್ರಿಯಾಟಿನಿನ್ ಪೂರ್ತಿ ಇಳಿದ ಮೇಲೆಯೇ ಮೂರನೇ ಸೈಕಲ್, ಅದೂ ಮೂತ್ರಪಿಂಡದ ಶಕ್ತಿ ಅಳೆದು ಡೋಸ್ ಸ್ವಲ್ಪ ಇಳಿಸಿ. ಮೆಥೊಟ್ರೆಕ್ಸೇಟ್ ನಿಲ್ಲಿಸುವ ಮಾತೇ ಇಲ್ಲ ಅಂದರು. ಮೀಥೈಲ್‌ಫೋಲೇಟ್ ಬೇಡವೇ ಬೇಡ. ಬಿ12 ಮತ್ತು ಹೋಮೋಸಿಸ್ಟೀನ್ ಪರೀಕ್ಷೆಗೆ ಬರೆದುಕೊಟ್ಟರು. ನಾವು ಸಸ್ಯಾಹಾರಿಗಳು. ಬಿ12 ತೀರಾ ಕಡಿಮೆ ಬಂದಿದೆ, ಇಂಜೆಕ್ಷನ್ ಶುರುವಾಗಿದೆ.

ಎರಡು ಪ್ರಶ್ನೆ ಉಳಿದಿವೆ. ಈ ಟಿಟಿ ನನಗೂ ತಮ್ಮನಿಗೂ ಬಂದಿರುತ್ತದೆಯೇ? ನನಗೆ ಮುಂದಿನ ವರ್ಷ ಮಗು ಬೇಕು ಎಂದಿದೆ. ಇನ್ನೊಂದು, ಅಮ್ಮನಿಗೆ ಕೀಮೋ ಪೋರ್ಟ್ (ಔಷಧಿ ಏರಿಸಲು ಚರ್ಮದಡಿ ಕೂರಿಸುವ ಸಾಧನ) ಹಾಕಲು ಸಣ್ಣ ಆಪರೇಷನ್ ಇದೆ, ಅರಿವಳಿಕೆ ಕೊಡಬಹುದು ಅಂದಿದ್ದಾರೆ. ಅಲ್ಲಿ ಏನಾದರೂ ಹೇಳಬೇಕೇ?

ಡೇಕೇರ್ ಸಿಸ್ಟರ್:
ಬಿ12 ನೋಡಿಸಿದ್ದು ತುಂಬಾ ಒಳ್ಳೆಯದಾಯಿತು ಅಕ್ಕ. ನಮ್ಮ ಕಡೆ ಸಸ್ಯಾಹಾರಿ ಹಿರಿಯರಲ್ಲಿ ಇದು ಕಡಿಮೆ ಇರುವುದು ಬಹಳ. ಮೂರನೇ ಸೈಕಲ್‌ನಲ್ಲಿ ಮೂತ್ರದ ಪಿಎಚ್ ಪಟ್ಟಿ ನೋಡುವುದನ್ನು ನರ್ಸ್ ಹತ್ತಿರ ಕೇಳಿ ಕಲಿತುಕೊಳ್ಳಿ. ಎಷ್ಟು ನೀರು ಕುಡಿದರು, ಎಷ್ಟು ಮೂತ್ರ ಹೋಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಒಮ್ಮೆಲೇ ತೂಕ ಏರಿದರೆ, ಕಾಲು ಊದಿದರೆ ತಕ್ಷಣ ಹೇಳಿ. ಮನೆಗೆ ಬಂದ ಮೇಲೆ ಎರಡು ವಾರದ ಒಳಗೆ ಮಾತು ನಿಂತಂತಾಗುವುದು, ಒಂದು ಕೈ ಸೋಲುವುದು ಕಂಡರೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಕ್ಲಿನಿಕಲ್ ಫಾರ್ಮಾ:
ಅಮ್ಮನ ಎರಡೂ ಪ್ರತಿಗಳು ಟಿ ಆಗಿರುವುದರಿಂದ ನಿಮಗೂ ತಮ್ಮನಿಗೂ ಒಂದೊಂದು ಟಿ ಖಂಡಿತ ಬಂದಿದೆ. ಎರಡನೆಯದು ತಂದೆಯ ಕಡೆಯಿಂದ ಏನು ಬಂತು ಎನ್ನುವುದರ ಮೇಲೆ. ಅದಕ್ಕಾಗಿ ಪರೀಕ್ಷೆಯ ಅಗತ್ಯವಿಲ್ಲ. ಗರ್ಭ ನಿಲ್ಲದವರಿಗೆ, ರಕ್ತ ಹೆಪ್ಪುಗಟ್ಟುವವರಿಗೆ ವಾಡಿಕೆಯಂತೆ ಎಂಟಿಎಚ್‌ಎಫ್‌ಆರ್ ಪರೀಕ್ಷೆ ಮಾಡಿಸಬೇಡಿ ಎಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನಿಗಳ ಸಂಸ್ಥೆಯೇ 2013ರಲ್ಲಿ ಹೇಳಿದೆ. ಮಗು ಬೇಕೆನ್ನುವ ಎಲ್ಲ ಹೆಣ್ಣುಮಕ್ಕಳಂತೆ ನೀವೂ ಗರ್ಭಕ್ಕೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆ್ಯಸಿಡ್ ತೆಗೆದುಕೊಳ್ಳಿ. ಟಿ ಇದ್ದರೂ ದೇಹ ಅದನ್ನು ಬಳಸಿಕೊಳ್ಳುತ್ತದೆ. ಸಾಮಾನ್ಯ ಅಗ್ಗದ ಮಾತ್ರೆಯೇ ಸಾಕು.

ಅರಿವಳಿಕೆಯ ಬಗ್ಗೆ ನೀವು ಕೇಳಿದ್ದು ಬಹಳ ಸರಿಯಾಯಿತು. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ಬಿ12ರ ಒಳಗಿನ ಕೋಬಾಲ್ಟನ್ನು ಕೆಡಿಸಿ ಮೆಥಿಯೊನೀನ್ ಮಾಡುವ ಕಿಣ್ವವನ್ನೇ ನಿಲ್ಲಿಸುತ್ತದೆ. ಅಂದರೆ ಮೆಥೊಟ್ರೆಕ್ಸೇಟ್ ಒತ್ತುವ ದಾರಿಯನ್ನೇ ಅದೂ ಒತ್ತುತ್ತದೆ. ಎಂಟಿಎಚ್‌ಎಫ್‌ಆರ್ ವ್ಯತ್ಯಾಸ ಇರುವವರಲ್ಲಿ ಈ ಅನಿಲದ ನಂತರ ಹೋಮೋಸಿಸ್ಟೀನ್ ಹೆಚ್ಚು ಏರಿದ್ದನ್ನು 2008ರ ಒಂದು ಅಧ್ಯಯನ ತೋರಿಸಿದೆ. ನಿಮ್ಮ ಅಮ್ಮನಿಗೆ ಬಿ12 ಕೊರತೆ, ಟಿಟಿ, ಮೆಥೊಟ್ರೆಕ್ಸೇಟ್ ಮೂರೂ ಒಟ್ಟಿಗಿವೆ. ಅರಿವಳಿಕೆ ಡಾಕ್ಟರಿಗೆ ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ, ನೈಟ್ರಸ್ ಆಕ್ಸೈಡ್ ಬಿಟ್ಟು ಬೇರೆ ಬಳಸಲು ಆಗುತ್ತದೆಯೇ ಎಂದು ಕೇಳಿ. ಪೋರ್ಟ್ ಹಾಕುವುದನ್ನು ಎಷ್ಟೋ ಕಡೆ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುತ್ತಾರೆ, ಆ ಅನಿಲ ಬೇಕಾಗುವುದೇ ಇಲ್ಲ.